ಕಾಣೆ ಮರಿಗಳ ಟೀಚರ್

ಹುಣ್ಸೆಕುದ್ರುವಿನ ಹೆಂಗಸರು ಆ ಯಂತ್ರಕ್ಕೆ ಟೀಚರ್ ಎಂದು ಹೆಸರಿಟ್ಟಿದ್ದರು. ಸಂಶೋಧನಾ ಕೇಂದ್ರ ಅದಕ್ಕೆ ಕೊಟ್ಟಿದ್ದ ಉದ್ದನೆಯ ಹೆಸರನ್ನು, ಅದನ್ನು ನಡೆಸುವ ಸುಗಂಧಿಯೂ ಪೂರ್ತಿ ಹೇಳುತ್ತಿರಲಿಲ್ಲ. ಅಂಗೈಯುದ್ದದ, ತೆಳು ಮರಳು ಬಣ್ಣದ, ಚೂಪು ಮೂತಿಯ ಕೃತಕ ಕಾಣೆ ಮೀನು ಅದು. ಹಿನ್ನೀರಿನ ತಳಕ್ಕೆ ಹೊಟ್ಟೆ ತಾಗುವಂತೆ ಈಜುತ್ತಿತ್ತು. ಅಲ್ಲಲ್ಲಿ ನಿಂತು, ಮೂತಿಯನ್ನು ಕೆಸರಿಗೆ ಊರಿ, ಏನನ್ನೋ ಹೆಕ್ಕಿ ಬಾಯಿಗೆ ಎಳೆದುಕೊಳ್ಳುತ್ತಿತ್ತು. ಅದರ ಹಿಂದೆ ನಿಜವಾದ ಕಾಣೆ ಮರಿಗಳು ಹಿಂಡು ಹಿಂಡಾಗಿ ಬಂದು ಅದು ಮಾಡಿದ್ದನ್ನೇ ಮಾಡುತ್ತಿದ್ದವು.

ಮೀನಿಗೂ ತಿನ್ನಲು ಕಲಿಸಬೇಕೇ ಎಂದು ನಗುವವರಿಗೆ ಸುಗಂಧಿ ಹೇಳುವ ಕಥೆ ಚಿಕ್ಕದು. ಕುಂದಾಪುರದ ಬಳಿ ಐದು ಹೊಳೆಗಳು ಕೂಡಿ ಕಡಲು ಸೇರುವ ಈ ಅಳಿವೆಯಲ್ಲಿ, ಅವಳ ಅಜ್ಜಿಯ ಕಾಲಕ್ಕೆ ಕಾಣೆ ಬೇಕಾದಷ್ಟಿತ್ತು. ಆಮೇಲೆ ದೊಡ್ಡ ಹಡಗುಗಳಿಗಾಗಿ ತಳವನ್ನು ಬಾಚಿ ಆಳ ಮಾಡಿದರು. ಕೆಸರು ಹೋಯಿತು, ಕೆಸರೊಳಗಿನ ಜೀವಗಳು ಹೋದವು, ಅವನ್ನು ತಿಂದು ದೊಡ್ಡದಾಗುತ್ತಿದ್ದ ಕಾಣೆಯೂ ಹೋಯಿತು. ಮುಂದೆ ಹಡಗುಗಳು ಬೇರೆ ಬಂದರು ಹಿಡಿದವು. ಹೊಳೆಗಳು ತಮ್ಮ ಪಾಡಿಗೆ ಮತ್ತೆ ಕೆಸರು ತಂದು ಹಾಸಿದವು. ಹುಳ, ಚಿಪ್ಪು, ಸಿಗಡಿ ಎಲ್ಲ ಮರಳಿ ಬಂದವು. ಕಾಣೆ ಮಾತ್ರ ಬರಲಿಲ್ಲ. ಮರಿಕೇಂದ್ರದ ತೊಟ್ಟಿಗಳಲ್ಲಿ ಮೊಟ್ಟೆಯೊಡೆಸಿದ ಮರಿಗಳನ್ನು ತಂದು ಬಿಟ್ಟರು. ತೊಟ್ಟಿಯಲ್ಲಿ ಅವುಗಳಿಗೆ ಕಾಳಿನಂಥ ಆಹಾರ ಮೇಲಿನಿಂದ ಬೀಳುತ್ತಿತ್ತು. ಅಳಿವೆಗೆ ಬಂದ ಮೇಲೂ ಅವು ಮೇಲೆ ನೋಡುತ್ತ ನಿಂತವು. ಹೊಟ್ಟೆಯ ಕೆಳಗೇ ಊಟ ಹರಡಿಕೊಂಡಿದ್ದರೂ ಹಸಿದು ಸತ್ತವು.

‘ತಿಂದು ತೋರಿಸಲು ಇಲ್ಲಿ ದೊಡ್ಡ ಮೀನು ಒಂದೂ ಉಳಿದಿರಲಿಲ್ಲ. ಅದಕ್ಕೇ ಒಂದನ್ನು ಮಾಡಿಕೊಂಡೆವು’ ಎಂದು ಸುಗಂಧಿ ಕಥೆ ಮುಗಿಸುತ್ತಿದ್ದಳು.

ಕುದ್ರು ಎಂದರೆ ಹೊಳೆಯ ನಡುವಿನ ದ್ವೀಪ. ಅದರ ಪೂರ್ವಕ್ಕಿರುವ ಹಿನ್ನೀರಿಗೆ ಬಲೆಯ ಬೇಲಿ ಕಟ್ಟಿ ಮರಿಗಳನ್ನು ಒಳಗೆ ಬಿಟ್ಟಿದ್ದರು. ನೀರು ಇಳಿದಾಗ ಅದೇ ಕೆಸರಿಗೆ ಇಳಿದು ಚಿಪ್ಪು ಹೆಕ್ಕುವುದು, ಸಿಗಡಿ ಗೋರುವುದು ಕುದ್ರುವಿನ ಹೆಂಗಸರ ತಲೆಮಾರಿನ ಕೆಲಸ. ಕಾಲು ಬಿದ್ದ ಕಡೆ ಹುಳದ ಬಿಲಗಳು ಮುಚ್ಚಿಹೋಗುತ್ತವೆ. ಮೂರು ವರ್ಷ ಯಾರೂ ಇಳಿಯಬಾರದು ಎಂದು ಸುಗಂಧಿ ಕೇಳಿಕೊಂಡಿದ್ದಳು. ಹೆಂಗಸರು ಅವಳ ಮಾತಿಗೆ ಒಪ್ಪಿರಲಿಲ್ಲ. ಒಪ್ಪಿದ್ದು ಅವಳ ಅಕ್ಕ ಕುಸುಮ ಎದ್ದು ನಿಂತು, ‘ನಾನ್ ಇಳೂದಿಲ್ಲ, ನೀವೂ ಇಳೂದ್ ಬ್ಯಾಡ’ ಎಂದದ್ದಕ್ಕೆ. ಕಾಣೆ ಬದುಕಿದರೆ ಹಿನ್ನೀರನ್ನು ಹಂಚಿಕೊಳ್ಳುವುದು ಹೇಗೆಂದು ಕೂತು ಮಾತಾಡುವುದು, ಬದುಕದಿದ್ದರೆ ಬೇಲಿ ಕಿತ್ತು ಹಿನ್ನೀರನ್ನು ಮೊದಲಿನಂತೆ ಬಿಟ್ಟುಕೊಡುವುದು ಎಂದು ಮಾತಾಗಿತ್ತು. ಈ ಮಳೆಗಾಲಕ್ಕೆ ಆ ಮಾತಿನ ಗಡುವು ಮುಗಿಯುತ್ತಿತ್ತು. ಗಡುವಿಲ್ಲದಿದ್ದರೂ ಮೊದಲ ನೆರೆಗೆ ಮುಂಚೆ ಬೇಲಿ ಬಿಚ್ಚಲೇಬೇಕು, ಇಲ್ಲದಿದ್ದರೆ ನೆರೆಯೇ ಅದನ್ನು ಕಿತ್ತೊಯ್ಯುತ್ತದೆ. ನೆರೆಯ ಸಿಹಿನೀರಿನ ಸೆಳೆತಕ್ಕೆ ಬಡಕಲು ಮರಿಗಳು ತಡೆಯುವುದಿಲ್ಲ. ಮೈ ತುಂಬಿದವು ಮಾತ್ರ ಉಳಿಯುತ್ತವೆ.

ಏಪ್ರಿಲ್ ಮುಗಿಯುವ ಹೊತ್ತಿಗೆ, ಹಿಂದಿನ ಎರಡು ವರ್ಷಗಳಂತೆಯೇ, ಮರಿಗಳು ಬೆಳೆಯುವುದನ್ನು ನಿಲ್ಲಿಸಿದವು.

ನಿಯಂತ್ರಣ ಕೊಠಡಿ ಎಂದರೆ ಹಳೆಯ ಮೀನು ಹರಾಜಿನ ಶೆಡ್ಡು. ಗೋಡೆಗೆ ಎಷ್ಟು ಸುಣ್ಣ ಬಳಿದರೂ ಉಪ್ಪುಮೀನಿನ ವಾಸನೆ ಹೋಗಿರಲಿಲ್ಲ. ಗದಗದ ಕಡೆಯಿಂದ ಬಂದಿದ್ದ ಶೈಲಶ್ರೀ ಕಮ್ಮಾರ ಟೀಚರಿನ ಯಂತ್ರಭಾಗವನ್ನು ನೋಡಿಕೊಳ್ಳುತ್ತಿದ್ದಳು. ಮೊದಲ ವಾರ ಮೂಗು ಮುಚ್ಚಿಕೊಂಡವಳಿಗೆ ಈಗ ರಜೆಗೆ ಊರಿಗೆ ಹೋದರೆ ಅಲ್ಲಿ ಏನೋ ಕಡಿಮೆಯಾದಂತೆ ಅನ್ನಿಸುತ್ತಿತ್ತು.

‘ಮೇಡಂ, ಇಲ್ಲಿ ನೋಡ್ರಿ’ ಎಂದು ಅವಳು ಪರದೆಯ ಮೇಲೆ ಒಂದು ಮರಿಯನ್ನು ಹಿಗ್ಗಿಸಿ ತೋರಿಸಿದಳು. ಕಾಣೆ ಮರಿಯ ಮೈ ಗಾಜಿನ ಹಾಗೆ. ಒಳಗಿನ ಹೊಟ್ಟೆ ಹೊರಗಿಂದಲೇ ಕಾಣುತ್ತದೆ. ‘ಹೊಟ್ಟಿ ತುಂಬೇತಿ, ಮೈ ತುಂಬಿಲ್ಲ. ದಿನಾ ತಿಂತಾವ್ರಿ. ನಾವು ಹೇಳಿಕೊಟ್ಟಿದ್ದನ್ನ ಒಂದೂ ಬಿಡದಂಗ ತಿಂತಾವು.’

‘ಏನು ತಿಂದಿದೆ?’

‘ಮತ್ತ ಅದೇರಿ. ಚಿಪ್ಪಿನ ಮರಿ, ಜಿಗಿಯೋ ಸಿಗಡಿ.’

ಜಿಗಿಯುವ ಸಿಗಡಿ ಎಂದರೆ ನಿಜವಾದ ಸಿಗಡಿಯಲ್ಲ. ಅಕ್ಕಿಕಾಳಿನಷ್ಟಿರುವ, ಬೆನ್ನು ಬಾಗಿದ, ಕೆಸರ ಮೇಲೆ ಚಿಮ್ಮುವ ಜೀವಿ. ಎಳೆಯ ಮರಿಗಳಿಗೆ ಅದು ಒಳ್ಳೆಯ ಊಟ. ಬೆರಳ ಗೆಣ್ಣಿನಷ್ಟು ಬೆಳೆದ ಮರಿಗೆ ಅದರಲ್ಲಿ ಸಿಪ್ಪೆಯೇ ಹೆಚ್ಚು.

‘ಬ್ಯಾರೆ ಕಡೆ ಪುಸ್ತಕದಾಗ ಕಾಣೆ ದೊಡ್ಡದಾದಂಗ ಹುಳಾ ತಿಂತದ ಅಂತ ಬರದಾರ‍್ರಿ’ ಎಂದಳು ಶೈಲಶ್ರೀ. ಇದನ್ನು ಅವಳು ಹೋದ ವರ್ಷವೂ ಹೇಳಿದ್ದಳು.

‘ಬೇರೆ ಕಡೆಯ ಕಾಣೆ ತಿನ್ನಬಹುದು. ನಮ್ಮದು ತಿನ್ನುವುದಿಲ್ಲ. ನಮ್ಮ ಸೀಸೆಗಳಲ್ಲಿ ಹುಳ ಎಲ್ಲಿತ್ತು ಹೇಳು?’

ಸೀಸೆಗಳ ಬಗ್ಗೆ ಸುಗಂಧಿಗೆ ಹೆಮ್ಮೆಯಿತ್ತು. ಟೀಚರಿಗೆ ಪಾಠ ಬರೆಯುವ ಮುನ್ನ, ಈ ಕರಾವಳಿಯ ಕಾಣೆ ಮರಿ ಏನನ್ನು ಆರಿಸಿ ತಿನ್ನುತ್ತದೆ, ಏನನ್ನು ಬಿಡುತ್ತದೆ ಎಂದು ತಿಳಿಯಬೇಕಿತ್ತು. ಬಡಗಣ ಅಳಿವೆಯೊಂದರಲ್ಲಿ ಇನ್ನೂ ಒಂದಷ್ಟು ಕಾಣೆ ಉಳಿದಿತ್ತು. ಕುದ್ರುವಿನ ಹೆಂಗಸರು ಅಲ್ಲಿಂದ ಬಂದ ಸಣ್ಣ ಕಾಣೆಯನ್ನು ಮಾರುಕಟ್ಟೆಯಲ್ಲಿ ಕೊಯ್ಯುವಾಗ ಒಂದೊಂದರ ಕರುಳನ್ನು ದ್ರಾವಣದ ಸೀಸೆಗೆ ಹಾಕಿ ತಂದುಕೊಡುತ್ತಿದ್ದರು. ಅದರಲ್ಲಿ ಏನೇನಿದೆ ಎಂದು ವಿಶ್ವವಿದ್ಯಾಲಯದ ಯಂತ್ರ ಓದಿ ಹೇಳುತ್ತಿತ್ತು. ಎರಡು ವರ್ಷ ತಂದರು. ಒಬ್ಬರಾದರೂ ತಪ್ಪಿಸಲಿಲ್ಲ. ಎಲ್ಲೋ ಯಾರೋ ಬರೆದದ್ದಕ್ಕಿಂತ ತನ್ನ ಊರಿನ ಹೆಂಗಸರ ಕೈಯಿಂದ ಬಂದದ್ದೇ ಅವಳಿಗೆ ದೊಡ್ಡದು. ಅದರಿಂದಲೇ ಟೀಚರ್ ಕಲಿತಿತ್ತು. ಕಳೆದೆರಡು ವರ್ಷದ ಮರಿಗಳು ಬಡಕಲಾದಾಗ ನೀರು ಬಿಸಿಯಾಯಿತು ಎಂದು ಒಮ್ಮೆ, ರೋಗ ಬಂತು ಎಂದು ಇನ್ನೊಮ್ಮೆ ವರದಿ ಬರೆದಿದ್ದರು. ಈ ವರ್ಷ ನೀರು ತಂಪಾಗಿತ್ತು. ರೋಗದ ಸುಳಿವೂ ಇರಲಿಲ್ಲ.

ಮಧ್ಯಾಹ್ನ ಊಟಕ್ಕೆಂದು ಹೊರಟಾಗ ಬೇಲಿಯ ಬಳಿ ಚಂದು ನಿಂತಿದ್ದಳು. ಅಕ್ಕನ ಓರಗೆಯವಳು, ನಾಲಗೆ ಹರಿತ.

‘ಎಂತ ಸುಗಂಧಿ, ನಿನ್ ಶಾಲೆ ಮಕ್ಕಳ್ ಪಾಸಾಪು ಲಕ್ಷಣ ಇತ್ತಾ?’

‘ನೋಡ್ತಾ ಇದ್ದೇವೆ ಚಂದಕ್ಕ.’

‘ನೋಡ್, ನೋಡ್. ಕನ್ನಡಕ ಇಪ್ಪುದೇ ನೋಡುಕೆ ಅಲ್ದಾ. ನಮ್ ಕಣ್ಣಿಗಂತೂ ಸೂಜಿ ಈಜ್ದಾಂಗ್ ಕಾಣ್ತ್. ಬಪ್ಪು ಅಮಾಸೆ ಇಳಿತಕ್ಕೆ ನಾವೆಲ್ಲ ಒಟ್ಟಾಯಿ ಬತ್ತ್. ಮರಿ ಹೀಂಗೇ ಇದ್ರೆ ಬೇಲಿ ಬಿಚ್ಚಿ ಕೆಸ್ರಿಗೆ ಇಳೂದೇ. ಕುಸುಮನಿಗೂ ಹೇಳಾಯ್ತ್.’

‘ಅಕ್ಕ ಏನಂದಳು?’

‘ಅವ್ಳ್ ಎಂತ ಹೇಳ್ತಾಳ್? ಆಯ್ತ್ ಅಂದ್ಳ್.’

ಅಮಾವಾಸ್ಯೆಗೆ ಇನ್ನೂ ಮೂರು ವಾರವಿತ್ತು. ಸುಗಂಧಿ ಮನೆಗೆ ನಡೆದಳು. ಅದು ತಾಯಿಯ ಮನೆ. ಅವರ ಕುಲದಲ್ಲಿ ಮನೆ ಹೆಣ್ಣುಮಕ್ಕಳಿಗೇ ಬರುತ್ತದೆ. ಗಂಡ ತೀರಿದ ಅಕ್ಕ, ಹಡಗಿನಲ್ಲಿ ದುಡಿಯುವ ಗಂಡನನ್ನು ವರ್ಷಕ್ಕೊಮ್ಮೆ ಕಾಣುವ ತಂಗಿ, ಇಬ್ಬರೇ ಅಲ್ಲಿ ಇದ್ದರು. ಅಕ್ಕ ಅನ್ನ ಬಡಿಸಿದಳು. ಸುಗಂಧಿ ಕೇಳುವ ಮೊದಲೇ ಹೇಳಿದಳು: ‘ಚಂದು ಎಂತಾರೂ ಹೇಳಿರ್ತಾಳ್. ನೀ ತಲೆಬಿಸಿ ಮಾಡ್ಕಣ್ಬೇಡ. ನಂಗೇನ್ ತೊಂದ್ರೆ ಇಲ್ಲ.’

ಈ ಮೂರು ವರ್ಷ ಅಕ್ಕ ಹೇಳಿದ್ದು ಇಷ್ಟೇ. ನಂಗೇನ್ ತೊಂದ್ರೆ ಇಲ್ಲ. ಸುಗಂಧಿ ಅದನ್ನು ನಂಬಿದ್ದಳು. ನಂಬುವುದು ಅನುಕೂಲವೂ ಆಗಿತ್ತು.

ಭಾನುವಾರ ಬೆಳಿಗ್ಗೆ ಕುಸುಮಕ್ಕ ಬಡಗಣ ದೋಣಿಯಿಂದ ಒಂದು ಹಿಡಿ ಸಣ್ಣ ಕಾಣೆ ತಂದಳು. ‘ಸೀಸೆಗೂ ಆಯ್ತ್, ಸಾರಿಗೂ ಆಯ್ತ್’ ಎಂದು ಹಿತ್ತಲ ಕಲ್ಲಿನ ಮೇಲೆ ಸುರುವಿ ತೆಂಗಿನಕಾಯಿ ತುರಿಯಲು ಒಳಗೆ ಹೋದಳು. ಸುಗಂಧಿ ಈಳಿಗೆಯಂಥ ಮೆಟ್ಟುಗತ್ತಿಯ ಮುಂದೆ ಕೂತಳು. ಮೀನು ಕೊಯ್ಯದೆ ಬಹಳ ದಿನವಾಗಿದ್ದರೂ ಕೈ ಮರೆತಿರಲಿಲ್ಲ. ಹುರುಪೆ ಹೆರೆದು, ಹೊಟ್ಟೆ ಸೀಳಿ, ಕರುಳನ್ನು ಎಳೆದು, ಹೆಬ್ಬೆರಳು ತೋರುಬೆರಳ ನಡುವೆ ಹಿಂಡಿ, ಕರಟದ ನೀರಿನಲ್ಲಿ ಎರಡು ಸಲ ಜಾಲಿಸಿ, ಸೀಸೆಗೆ ಹಾಕಿದಳು. ಎರಡನೆಯ ಮೀನು, ಅದೇ ರೀತಿ. ಮೂರನೆಯದರ ಕರುಳು ನೀರಿಗೆ ಇಳಿದಾಗ ಕೈ ತಾನಾಗಿ ನಿಂತಿತು.

ಕರಟದ ನೀರು ಕದಡಿತ್ತು. ಕೆಂಪು ಮಿಶ್ರಿತ ಕಂದು ಲೋಳೆ ತಳಕ್ಕೆ ಇಳಿಯುತ್ತಿತ್ತು. ಬಿಸಿಲು ಬಿದ್ದ ಕಡೆ ಅದರಲ್ಲಿ ಕೂದಲಿಗಿಂತ ತೆಳ್ಳಗಿನ ಏನೋ ಮಿನುಗಿತು.

ಅವಳು ಆ ಮಿನುಗನ್ನು ಬಲ್ಲಳು. ಕೆಸರುಹುಳದ ಮೈಯ ಎರಡೂ ಬದಿಗೆ ಇರುವ ಬಿರುಗೂದಲು ಅದು. ಹುಳ ಹೊಟ್ಟೆ ಸೇರಿದ ಸ್ವಲ್ಪ ಹೊತ್ತಿಗೇ ಕರಗಿ ಲೋಳೆಯಾಗುತ್ತದೆ. ಗುರುತಿಗೆ ಉಳಿಯುವುದು ಈ ಕೂದಲು ಮತ್ತು ಒಂದು ಚೂರು ದವಡೆ. ಚಿಪ್ಪು, ಸಿಗಡಿಯ ಗಟ್ಟಿ ಕಾಲುಗಳು ಕರುಳಿನ ಮಡಿಕೆಯಲ್ಲಿ ಸಿಕ್ಕಿಕೊಂಡು ನಿಲ್ಲುತ್ತವೆ. ಲೋಳೆ ನೀರಿಗೆ ಹೋಗುತ್ತದೆ. ವಿಶ್ವವಿದ್ಯಾಲಯದ ಯಂತ್ರ ಎಷ್ಟೇ ಸೂಕ್ಷ್ಮವಾದರೂ ಸೀಸೆಯಲ್ಲಿದ್ದದ್ದನ್ನು ಮಾತ್ರ ಓದಬಲ್ಲದು. ಕರಟದ ನೀರನ್ನು ಅದಕ್ಕೆ ಯಾರೂ ಕಳಿಸಿರಲಿಲ್ಲ.

‘ಅಕ್ಕ’ ಎಂದು ಕರೆದಳು. ‘ಸೀಸೆಗೆ ಹಾಕುವ ಮುಂಚೆ ನೀನು ಕರುಳು ತೊಳೀತಿದ್ಯಾ?’

ತುರಿಮಣೆಯ ಸದ್ದು ನಿಂತಿತು. ‘ಮತ್ತೆ? ಹೇಲ್ ಸಮೇತ ಕೊಡುಕಾತ್ತಾ? ಯೂನಿವರ್ಸಿಟಿಯರಿಗ್ ಹೋಪು ಸಾಮಾನ್ ಅಂದಿದ್ದೆ ನೀನೇ.’

‘ಎಲ್ಲರೂ ತೊಳೀತಿದ್ರಾ?’

‘ಚಂದು ಎರಡ್ ನೀರಲ್ಲಿ ತೊಳೀತಿದ್ದಳ್. ಅವ್ಳಿಗ್ ಸಮಾ ಹಿಂಡುಕೆ ನಾನೇ ತೋರ್ಸಿ ಕೊಟ್ಟದ್ದ್.’

ಸುಗಂಧಿಗೆ ನಗು ಬರಬೇಕಿತ್ತು. ಬರಲಿಲ್ಲ. ಎದೆಯೊಳಗೆ ಏನೋ ಹಗುರಾಗುತ್ತಿತ್ತು, ಜೊತೆಗೆ ಭಯವೂ ಆಗುತ್ತಿತ್ತು. ಕಾರಣ ಸಿಕ್ಕಿತು ಎಂಬ ಹಗುರ, ಇದನ್ನು ಇವರಿಗೆ ಹೇಳುವುದು ಹೇಗೆ ಎಂಬ ಭಯ. ಕೊಡುವುದನ್ನು ಚೊಕ್ಕ ಮಾಡಿ ಕೊಡುವುದು ಇಲ್ಲಿನ ಹೆಂಗಸರ ಮರ್ಯಾದೆ. ಯಾರ ಮನೆಯ ಪಾತ್ರೆಯನ್ನೂ ಇವರು ತೊಳೆಯದೆ ಹಿಂದಿರುಗಿಸಿದವರಲ್ಲ. ಓದಿದ ತಮ್ಮ ಹುಡುಗಿಗೆ ತಮ್ಮ ಕೈಯಿಂದ ಹೋಗುವ ಕರುಳಿಗೂ ಅದೇ ಗೌರವ ಕೊಟ್ಟಿದ್ದರು. ಅವಳ ಕೈಯೂ ಅದೇ ಮನೆಯದಾದ್ದರಿಂದ, ‘ತೊಳೆಯಬೇಡಿ’ ಎಂದು ಹೇಳಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಅಕ್ಕನನ್ನು ಕಲ್ಲಿನ ಮೇಲೆ ಕೂರಿಸಿ ಕರಟ ತೋರಿಸಿ ಎಲ್ಲ ಹೇಳಿದಳು. ಕುಸುಮಕ್ಕ ಕರಟವನ್ನು ಬಿಸಿಲಿಗೆ ಹಿಡಿದು ನೋಡಿದಳು.

‘ಅಂದ್ರೆ ನಾವ್ ತೊಳ್ದದ್ದಕ್ಕೆ ಮರಿ ಸಾಯ್ತಾ ಇಪ್ಪುದಾ?’

‘ನಿಮ್ಮ ತಪ್ಪಲ್ಲ ಅಕ್ಕ. ನಾನು ಹೇಳಬೇಕಿತ್ತು.’

‘ತಪ್ಪ್ ಯಾರದ್ದ್ ಅಂತ ಕೇಣ್ಲಿಲ್ಲ ನಾನ್.’ ಅಕ್ಕನ ದನಿ ಏರಿತು. ಸುಗಂಧಿ ಆ ದನಿಯನ್ನು ವರ್ಷಗಳಿಂದ ಕೇಳಿರಲಿಲ್ಲ. ‘ಮೂರ್ ವರ್ಷ ನಾ ಎಂತಾರೂ ಹೇಳಿದ್ನಾ ನಿಂಗೆ? ಕೆಸ್ರಲ್ಲಿ ಬರೀ ಚಿಪ್ಪ್ ಇಪ್ಪುದ್ ಅಂತ ಮಾಡಿದ್ಯಾ ನೀನ್? ಅಲ್ಲಿ ಗಂಡಸ್ರ್ ಇಲ್ಲ, ಮಕ್ಕಳ್ ಇಲ್ಲ. ಮೊಣಕಾಲ್ ತನ್ಕ ಕೆಸ್ರಲ್ಲಿ ನಿಂತ್ಕಂಡ್ ಎಂತ ಬೇಕಾರೂ ಮಾತಾಡ್ಲಕ್ಕಿತ್. ನಿನ್ ಬಾವ ತೀರ್ಕಂಡಾಗ ನಾ ಮನೇಲ್ ಒಂದ್ ಹನಿ ಅಳ್ಲಿಲ್ಲ ಅಂತ ಎಲ್ರೂ ಹೇಳಿದ್ರ್. ನಾ ಅತ್ತದ್ದ್ ಅಲ್ಲಿ. ಚಂದು ನನ್ ಬುಟ್ಟಿ ಹಿಡ್ಕಂಡಿದ್ದಳ್. ಈಗ ಸಂತೆಲಿ ಕಂಡ್ರೆ ಅವ್ಳ್ ಮೀನಿನ ಸುದ್ದಿ ಮಾತಾಡ್ತಾಳ್, ನಾನೂ ಮೀನಿನ ಸುದ್ದಿ ಮಾತಾಡ್ತೆ. ಮೂರ್ ವರ್ಷ ನಂಗೆ ಒಂದ್ ಮಾತ್ ಆಡುಕೆ ಜಾಗ ಇಲ್ಲ. ತಂಗಿ ಕೆಲ್ಸ ಹಾಳಾಪ್ಕಾಗ ಅಂತ ಬಾಯಿ ಮುಚ್ಕಂಡ್ ಕೂತಿದ್ದೆ.’

ಹಿತ್ತಲಲ್ಲಿ ಕಾಗೆಯೊಂದು ಕಲ್ಲಿನ ಮೇಲಿನ ಮೀನಿನ ಕಡೆಗೆ ಹೆಜ್ಜೆ ಇಡುತ್ತಿತ್ತು. ಇಬ್ಬರೂ ಅದನ್ನು ಓಡಿಸಲಿಲ್ಲ. ಸುಗಂಧಿ ಮೊದಲ ಬಾರಿಗೆ ತಾನು ಈ ಹೆಂಗಸರಿಂದ ಕೇಳಿ ತೆಗೆದುಕೊಂಡದ್ದು ಏನೆಂದು ಯೋಚಿಸಿದಳು. ಹಿನ್ನೀರಿನ ಚಿಪ್ಪು, ಸಿಗಡಿ, ಹುಳಗಳ ಲೆಕ್ಕವೆಲ್ಲ ಅವಳ ಯಂತ್ರದಲ್ಲಿತ್ತು. ಅಲ್ಲಿ ಆಡುತ್ತಿದ್ದ ಮಾತು ಯಾವ ಲೆಕ್ಕಕ್ಕೂ ಬಂದಿರಲಿಲ್ಲ. ಅಕ್ಕ ಅದನ್ನೂ ತೊಳೆದೇ ಕೊಟ್ಟಿದ್ದಳು. ತಂಗಿಗೆ ತಲುಪಿದ್ದು, ನಂಗೇನ್ ತೊಂದ್ರೆ ಇಲ್ಲ ಎಂಬ ಗಟ್ಟಿ ಸಿಪ್ಪೆ ಮಾತ್ರ.

‘ಹೇಳು ಅಕ್ಕ’ ಎಂದಳು. ‘ಇನ್ನೂ ಇದ್ದರೆ ಹೇಳು.’

‘ಸಾಕ್ ಈಗ’ ಎಂದು ಕುಸುಮಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದಳು. ಆಮೇಲೆ ನಿಂತು, ‘ಈಗ ಎಂತ ಆಯ್ಕ್ ನಿಂಗೆ? ತೊಳೀದೆ ಇದ್ದದ್ದಾ? ಎಷ್ಟ್ ಬೇಕ್?’ ಎಂದಳು.

ಶೈಲಶ್ರೀ ಕರಟದ ಲೋಳೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಒಂದೊಂದೇ ಚೂರನ್ನು ಎಣಿಸಿದಳು.

‘ಹುಳಾನ ಮೇಡಂ. ಅರ್ಧಕ್ಕಿಂತ ಹೆಚ್ಚು ಹುಳಾ. ಇವತ್ತ ಟೀಚರಿಗೆ ಹುಳಾ ತಿನ್ನಾಕ ಹಚ್ಚಿಬಿಡ್ಲೇನ್ರಿ?’

‘ಯಾವ ಹುಳ? ಈ ಕೆಸರಿನಲ್ಲಿ ಹತ್ತಾರು ಜಾತಿ ಇದೆ. ಕೆಲವು ಮರಿಯನ್ನೇ ಕಚ್ಚುತ್ತವೆ. ಮರಿ ಯಾವುದನ್ನು ಆರಿಸುತ್ತದೆ, ಎಷ್ಟು ಉದ್ದವಾದಾಗ ಶುರು ಮಾಡುತ್ತದೆ, ಅದು ಗೊತ್ತಾಗಬೇಕು. ಒಂದು ಕರಟದಿಂದ ಆಗುವುದಿಲ್ಲ.’

‘ಹಂಗಾರ ಆ ಹೆಂಗಸರಿಗೆ ಏನಂತ ಹೇಳ್ತೀರಿ? ಮಾದರಿ ತಿದ್ದುಪಡಿ ಅಂತ ಅಂದುಬಿಡ್ರಿ. ಯಾರಿಗೂ ಬೇಜಾರಾಗೂದಿಲ್ಲ.’

‘ಬೇಡ’ ಎಂದಳು ಸುಗಂಧಿ. ‘ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.’

ಎರಡು ದಿನಗಳ ಬಳಿಕ ಬಡಗಣ ದೋಣಿ ಒಂದು ಬುಟ್ಟಿ ಸಣ್ಣ ಕಾಣೆ ತಂದಿತು. ಬಲೆಯಿಂದ ತೆಗೆದ ಕೂಡಲೇ ಮಂಜುಗಡ್ಡೆಗೆ ಹಾಕಿ ತಂದದ್ದು, ಹೊಟ್ಟೆಯೊಳಗಿನದು ಹೆಚ್ಚು ಕರಗದಿರಲೆಂದು. ಕುದ್ರುವಿನ ಹೆಂಗಸರು ಮೆಟ್ಟುಗತ್ತಿ ಹಿಡಿದು ದೋಣಿ ನಿಲ್ಲುವ ದಕ್ಕೆಯ ಮೇಲೆ ಸಾಲಾಗಿ ಕೂತರು. ಸುಗಂಧಿ ನಿಂತು ಹೇಳಿದಳು. ತೊಳೆದ ಕರುಳಿನಿಂದ ಟೀಚರ್ ತಪ್ಪು ಕಲಿಯಿತು, ತೊಳೆಯಬೇಡಿ ಎಂದು ತಾನು ಹೇಳಿರಲಿಲ್ಲ, ತನ್ನ ಕೈಯೂ ಅದನ್ನೇ ಮಾಡಿತು.

ಚಂದು ಪಕ್ಕದವಳ ಕಡೆ ತಿರುಗಿದಳು.

‘ಕೇಂಡ್ಯಾ? ಎರಡ್ ವರ್ಷ ಪಾಠ ತೊಳ್ದ್ ತೊಳ್ದ್ ಹೊಳಿಗ್ ಬಿಟ್ಟದ್ದ್ ನಾವ್. ಟೀಚರಿಗೆ ಕೊಟ್ಟದ್ದ್ ಬರೀ ಪುಸ್ತಕದ ರಟ್ಟ್.’

ನಗು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು. ಕುಸುಮಕ್ಕ ಎಲ್ಲರಿಗಿಂತ ಕೊನೆಗೆ ನಕ್ಕಳು, ಎಲ್ಲರಿಗಿಂತ ಜಾಸ್ತಿ ಹೊತ್ತು ನಕ್ಕಳು.

ಕೊಯ್ಯುವುದು ಸುಲಭವಾಯಿತು. ತೊಳೆಯದಿರುವುದು ಆಗಲಿಲ್ಲ. ಹೊಟ್ಟೆ ಸೀಳಿದ ಕೈ ತಾನಾಗಿ ನೀರು ಹುಡುಕಿಕೊಂಡು ಹೋಗುತ್ತಿತ್ತು. ಶೈಲಶ್ರೀ ಇದ್ದಬದ್ದ ಬಾಲ್ದಿ, ತಂಬಿಗೆ ಎಲ್ಲ ಎತ್ತಿಕೊಂಡು ಹೋಗಿ ಶೆಡ್ಡಿನೊಳಗೆ ಇಟ್ಟು ಬಂದಳು. ಒಬ್ಬಾಕೆ ಸೆರಗಿನಲ್ಲಿ ಒರೆಸಲು ಹೋದಳು.

‘ಒರಸಬ್ಯಾಡ್ರಿ ಅಮ್ಮಾರ.’

‘ಒರೆಸೂದೂ ಬ್ಯಾಡ್ದಾ? ಇದೆಂತಾ ವಿದ್ಯೆ ಮಾರಾಯ್ತಿ, ನನ್ ಅಜ್ಜಿ ಕಂಡಿದ್ರೆ ಕತ್ತಿ ಕಸ್ಕಂತಿದ್ದಳ್.’

‘ಹಿಂಡಬೇಡ ಹೆಣೆ, ಆ ಹುಡ್ಗಿ ಕಾಣ್ತಾ ಇದ್ದಳ್.’

‘ಕೈ ಕೇಣ್ತಿಲ್ಲ, ನಾ ಎಂತ ಮಾಡೂದ್.’

‘ನಿನ್ ಕೈ ಯಾವತ್ತ್ ನಿನ್ ಮಾತ್ ಕೇಣಿತ್? ಮದಿ ಮನೆ ಊಟದಲ್ಲಿ ಕಂಡಿದ್ನಲ್ಲ.’

ಮತ್ತೆ ನಗು. ಮಾತು ಮೀನಿನಿಂದ ಮದುವೆ ಮನೆಗೆ ಹೋಯಿತು, ಅಲ್ಲಿಂದ ಯಾರದೋ ಸೊಸೆಯ ಬಳಿಗೆ, ಸೊಸೆಯಿಂದ ಒಬ್ಬಾಕೆಯ ಬಿಡದ ಸೊಂಟ ನೋವಿಗೆ, ಇನ್ನೊಬ್ಬಾಕೆ ಯಾರಿಗೂ ಹೇಳದ, ಮೈಯಲ್ಲಿನ ಒಂದು ಗಂಟಿಗೆ. ಗಂಟಿನ ಮಾತು ಬಂದಾಗ ದನಿಗಳು ತಗ್ಗಿದವು. ಚಂದು, ‘ನಾಳೆಯೇ ಆಸ್ಪತ್ರೆಗೆ ಹೋಪುದ್. ನಾ ಬತ್ತೆ ನಿನ್ನೊಟ್ಟಿಗೆ’ ಎಂದಳು. ಕತ್ತಿಗಳು ನಿಲ್ಲಲಿಲ್ಲ. ಸುಗಂಧಿ ಸೀಸೆಗಳಿಗೆ ಚೀಟಿ ಅಂಟಿಸುತ್ತ ತಲೆ ಎತ್ತಲಿಲ್ಲ. ತಾನು ಇಲ್ಲಿಲ್ಲದ ಹಾಗೆ ಇದ್ದರೆ ಒಳ್ಳೆಯದೆಂದು ಅವಳಿಗೆ ತಿಳಿಯಿತು.

ತೊಳೆಯದ ಕರುಳುಗಳು ಹೇಳಿದ್ದು ಸ್ಪಷ್ಟವಾಗಿತ್ತು. ಬೆರಳ ಗೆಣ್ಣಿನುದ್ದಕ್ಕೆ ಬೆಳೆಯುವ ತನಕ ಮರಿಗೆ ಜಿಗಿಯುವ ಸಿಗಡಿಯೇ ಊಟ. ಆಮೇಲೆ, ಎಳೆಗೂಸಿಗೆ ಅನ್ನ ಹಿಡಿಸುವ ಹಾಗೆ, ಅದು ಹುಳಕ್ಕೆ ಹೊರಳುತ್ತದೆ. ಎಲ್ಲ ಹುಳಕ್ಕೂ ಅಲ್ಲ. ದಪ್ಪ ದವಡೆಯವನ್ನು ಮುಟ್ಟುವುದಿಲ್ಲ. ಕೆಸರಿನ ಮೇಲುಪದರದಲ್ಲಿ ಬಿಲ ಮಾಡಿ, ಅದರ ಬಾಯಿಯ ಸುತ್ತ ಸಾಸಿವೆಯಂಥ ಕೆಸರಿನ ಗುಳಿಗೆ ಪೇರಿಸುವ ತೆಳ್ಳನೆಯ ಕೆಂಪು ಹುಳವನ್ನೇ ಹುಡುಕಿ ಎಳೆದು ತಿನ್ನುತ್ತದೆ. ಟೀಚರ್ ಇಷ್ಟು ದಿನ ದೊಡ್ಡ ಮಕ್ಕಳಿಗೂ ಎಳೆಗೂಸಿನ ಊಟವನ್ನೇ ತೋರಿಸುತ್ತ ಬಂದಿತ್ತು.

ಶೈಲಶ್ರೀ ಹೊಸ ಪಾಠ ಬರೆದಳು. ಟೀಚರ್ ನೀರಿಗಿಳಿಯಿತು. ಗುಳಿಗೆಗಳ ಉಂಗುರ ಕಂಡ ಕಡೆ ನಿಂತು, ಬಾಯನ್ನು ಕೊಳವೆಯಂತೆ ಚಾಚಿ, ಬಿಲದೊಳಗೆ ಒಂದು ಉಸಿರು ನೀರು ಊದಿ, ಹುಳವನ್ನು ಎಳೆಯಿತು. ಕೆಸರು ಮೋಡದಂತೆ ಎದ್ದಿತು. ಮರಿಗಳು ಬೆದರಿ ಚದುರಿದವು. ಮರುದಿನವೂ ಅದೇ ಆಯಿತು. ಅದರ ಮರುದಿನ ಅವು ಟೀಚರನ್ನು ಬಿಟ್ಟು ತಾವೇ ಸಿಗಡಿ ಹೆಕ್ಕಲು ಹೋದವು.

‘ಹೆದರ್ಯಾವ್ರಿ’ ಎಂದಳು ಶೈಲಶ್ರೀ. ‘ಇನ್ನೂ ಮೆತ್ತಗ ಊದಸ್ಲೇನು?’

ಸುಗಂಧಿ ಪರದೆಯನ್ನೇ ನೋಡುತ್ತಿದ್ದಳು. ಟೀಚರ್ ಎಳೆದ ಹುಳ ಪೂರ್ತಿ ಅದರ ಬಾಯೊಳಗೆ ಹೋಗಿಬಿಡುತ್ತಿತ್ತು. ಅಲ್ಲಿ ಏನಾಯಿತು, ಏನು ಸಿಕ್ಕಿತು ಎಂದು ಮರಿಗಳಿಗೆ ತಿಳಿಯುವುದಾದರೂ ಹೇಗೆ? ಅವುಗಳಿಗೆ ಕಂಡದ್ದು ಕೆಸರಿನ ಗದ್ದಲ ಮಾತ್ರ.

‘ಊದುವುದು ಹಾಗೇ ಇರಲಿ. ಎಳೆದ ಮೇಲೆ ತಿನ್ನುವುದು ಬೇಡ. ಅರ್ಧ ತುಂಡು ಮಾಡಿ ಬಿಟ್ಟುಬಿಡಲಿ.’

ಶೈಲಶ್ರೀ ತಿದ್ದಿದಳು. ಕೆಸರ ಮೋಡ ತಿಳಿಯಾದಾಗ ಕೆಂಪು ತುಂಡೊಂದು ತಳದಲ್ಲಿ ಹೊರಳುತ್ತಿತ್ತು. ಬಹಳ ಹೊತ್ತು ಯಾರೂ ಬರಲಿಲ್ಲ. ಆಮೇಲೆ ಹಿಂಡಿನಿಂದ ಒಂದು ಮರಿ ಬಂತು. ಮೂತಿಯಿಂದ ಒಮ್ಮೆ ತಳ್ಳಿತು, ಹಿಂದೆ ಸರಿಯಿತು, ಮತ್ತೆ ಬಂದು ನುಂಗಿತು. ಮುಂದಿನ ಬಿಲಕ್ಕೆ ಟೀಚರ್ ಹೋದಾಗ ಆ ಮರಿ ಅದರ ಹೊಟ್ಟೆಯ ಪಕ್ಕದಲ್ಲೇ ಇತ್ತು. ಸಂಜೆಯ ಹೊತ್ತಿಗೆ ಅದರ ಹಿಂದೆ ಒಂದು ಸಣ್ಣ ಸಾಲು. ವಾರ ಕಳೆಯುವಾಗ ಕೆಸರು ಎದ್ದ ಕಡೆಗೆ ಇಡೀ ಹಿಂಡು ಓಡಿ ಬರುತ್ತಿತ್ತು. ಆಗ ಸುಗಂಧಿ ತುಂಡು ಬಿಡುವುದನ್ನು ನಿಲ್ಲಿಸಿದಳು. ಟೀಚರ್ ಮತ್ತೆ ತಾನೇ ತಿನ್ನತೊಡಗಿತು. ಈಗ ಬೇಕಾದವರು ತಾವೇ ಎಳೆಯಬೇಕು.

ಗಾಜಿನಂಥ ಮೈಗಳು ನಿಧಾನಕ್ಕೆ ಬೆಳ್ಳಗಾದವು. ಬೆನ್ನು ಅಗಲವಾಯಿತು. ಆದರೂ ಸುಗಂಧಿಗೆ ಸಮಾಧಾನವಿರಲಿಲ್ಲ. ಅವು ಟೀಚರ್ ಇರುವ ಕಡೆ ಮಾತ್ರ ತಿನ್ನುತ್ತಿವೆಯೋ, ತಾವಾಗಿ ಹುಡುಕುತ್ತಿವೆಯೋ ಎಂಬುದು ಕೆಸರಿನ ಗದ್ದಲದಲ್ಲಿ ಕಾಣುತ್ತಿರಲಿಲ್ಲ. ಬೇಲಿ ಬಿಚ್ಚಿದ ಮೇಲೆ ಟೀಚರ್ ಅವುಗಳ ಜೊತೆ ಹೋಗುವುದಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಪಡುವಣದಲ್ಲಿ ಮೋಡ ಕಟ್ಟಿತ್ತು. ನೀರು ಇಳಿಯತೊಡಗಿದಾಗ ಹೆಂಗಸರು ಬಂದರು. ಮಾತಿನಂತೆ ಬುಟ್ಟಿಗಳನ್ನೂ ತಂದಿದ್ದರು. ಬುಟ್ಟಿಗಳನ್ನು ಶೆಡ್ಡಿನ ಹೊರಗಿಟ್ಟು ಒಳಗೆ ಬಂದು ಪರದೆಯ ಮುಂದೆ ಗುಂಪಾಗಿ ನಿಂತರು. ಕುಸುಮಕ್ಕ ಮುಂದಿದ್ದಳು. ಅವಳು ತಂಗಿಯ ಪಕ್ಕಕ್ಕೆ ಬರಲಿಲ್ಲ, ಚಂದುವಿನ ಪಕ್ಕ ನಿಂತಳು. ಸುಗಂಧಿ ಅದನ್ನು ಗಮನಿಸಿದಳು. ಅದೇ ಸರಿಯೆಂದು ಅನ್ನಿಸಿತು.

‘ದಪ್ಪ ಆಯ್ತ್, ಸುಳ್ಳ್ ಹೇಳೂದಿಲ್ಲ’ ಎಂದಳು ಚಂದು ಪರದೆಗೆ ಬಗ್ಗಿ. ‘ಆದ್ರೆ ಟೀಚರ್ ಬೆನ್ನಿಗೇ ಅಂಟ್ಕಂಡಿತ್ ಅಲ್ದಾ. ತಾಯಿ ಸೆರಗ್ ಬಿಡದ್ ಮಗೀನ್ ಕಂಡಾಂಗಿತ್.’

ಸುಗಂಧಿಗೂ ಅದೇ ಅನುಮಾನವಿತ್ತು.

ಪರದೆಯಲ್ಲಿ ಟೀಚರ್ ಗುಳಿಗೆಗಳ ಉಂಗುರವೊಂದರ ಬಳಿ ನಿಂತು ಬಾಯಿ ಚಾಚಿ ಊದಿತು. ಬಿಲದಿಂದ ಏನೂ ಬರಲಿಲ್ಲ. ಮುಂದಿನದಕ್ಕೆ ಹೋಯಿತು. ಅಲ್ಲಿಯೂ ಇಲ್ಲ. ಮೂರನೆಯ ಉಂಗುರದ ಕಡೆ ತಿರುಗುವಷ್ಟರಲ್ಲಿ ಒಂದು ಮರಿ ಅದರ ಮೂತಿಯ ಕೆಳಗಿಂದ ನುಗ್ಗಿ, ಕೆಸರಿನ ಒಂದು ಚಿಕ್ಕ ಮೋಡ ಎಬ್ಬಿಸಿ, ಕೆಂಪು ಎಳೆಯನ್ನು ಎಳೆದುಕೊಂಡು ಹೋಯಿತು. ಟೀಚರ್ ಖಾಲಿ ಬಿಲಕ್ಕೆ ಊದಿತು.

ಮೇಜಿನ ಮೇಲಿನ ಪೆಟ್ಟಿಗೆಯಲ್ಲಿ ಕೆಂಪು ದೀಪ ಹತ್ತಿ ಕೀರಲು ಸದ್ದು ಶುರುವಾಯಿತು.

‘ಎಂತ ಅದ್? ಎಂತಕ್ಕೆ ಕೂಗುದ್?’ ಎಂದಳು ಕುಸುಮಕ್ಕ.

ಶೈಲಶ್ರೀ ಪೆಟ್ಟಿಗೆ ನೋಡಿದಳು, ಪರದೆ ನೋಡಿದಳು, ಮತ್ತೆ ಪೆಟ್ಟಿಗೆ ನೋಡಿದಳು. ಉತ್ತರ ಹೇಳುವುದನ್ನು ಸುಗಂಧಿಗೆ ಬಿಟ್ಟಳು.

‘ಟೀಚರಿಗೆ ತಿನ್ನಲು ಏನೂ ಸಿಗುತ್ತಿಲ್ಲವಂತೆ ಅಕ್ಕ. ಎಲ್ಲಿ ಹೋದರೂ ಮರಿಗಳು ಮೊದಲೇ ತಿಂದು ಮುಗಿಸಿವೆ.’

ಚಂದು ಮೊದಲು ಹೊರಗೆ ಹೋಗಿ ತನ್ನ ಬುಟ್ಟಿ ಎತ್ತಿಕೊಂಡು ಬಂದಳು. ‘ಹಿನ್ನೀರಿನ ಹೊಳೆ ಬದಿ ಅರ್ಧ ಕೆಸರ್ ನಮಗೆ. ಒಳ್ಗಿನ ಅರ್ಧ ಮರಿಗಳಿಗೆ. ಇವತ್ತಿಂದ್ಲೇ’ ಎಂದು ಯಾರನ್ನೂ ಕೇಳದೆ ಹಂಚಿದಳು. ಯಾರೂ ಬೇಡವೆನ್ನಲಿಲ್ಲ. ಸುಗಂಧಿ ತನ್ನ ನಕ್ಷೆಯ ಮೇಲೆ ಅದೇ ಗೆರೆ ಎಳೆದಳು.

ಪೆಟ್ಟಿಗೆ ಇನ್ನೂ ಕೂಗುತ್ತಿತ್ತು. ಕುಸುಮಕ್ಕ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಳ್ಳುತ್ತ ಪರದೆಯ ಕಡೆ ಗಲ್ಲ ಎತ್ತಿದಳು. ಅಲ್ಲಿ ಟೀಚರ್ ಇನ್ನೊಂದು ಖಾಲಿ ಬಿಲದ ಮುಂದೆ ನಿಂತಿತ್ತು.

‘ಅದ್ನ ಮೇಲೆ ಕರ್ಕಣ್ ಸುಗಂಧಿ’ ಎಂದಳು. ‘ಇನ್ನ್ ಅದ್ಕೆ ಅಲ್ಲಿ ಎಂತ ಕೆಲ್ಸ.’